ಶಸ್ತ್ರಚಿಕಿತ್ಸಾ ಕೊಠಡಿಯ ವೇಳಾಪಟ್ಟಿಗೆ ಗಣಕಯಂತ್ರದ ನೆರವು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರಗಳನ್ನು ಕಂಡ ಯಾವ ವರ್ತಕನಿಗೂ ಸರತಿ ಎಂದರೇನೆಂದು ಹೊಸದಾಗಿ ವಿವರಿಸಬೇಕಾಗಿಲ್ಲ. ಸುಗ್ಗಿಯ ದಿನಗಳಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲಗಳು ಆವಕವಾದಾಗ ಪ್ರಾಂಗಣದ ಹೊರಗಿನವರೆಗೂ ವಾಹನಗಳು ನಿಲ್ಲುತ್ತವೆ. ಟೆಂಡರ್, ತೂಕ, ಲೋಡಿಂಗ್ ಎಲ್ಲವೂ ರಾತ್ರಿಯವರೆಗೆ ಬೆಳೆಯುತ್ತವೆ. ಅದೇ ಪ್ರಾಂಗಣ, ಅದೇ ತೂಕದ ಯಂತ್ರಗಳು, ಅದೇ ಹಮಾಲರು ನಡುವಣ ದಿನಗಳಲ್ಲಿ ಬಹುಮಟ್ಟಿಗೆ ಬಿಡುವಾಗಿರುತ್ತಾರೆ. ವಾರದ ಒಟ್ಟು ಲೆಕ್ಕ ತೆಗೆದು ಸರಾಸರಿ ಮಾಡಿದರೆ ಸೌಲಭ್ಯ ಸಾಲದೆಂದು ಹೇಳಲು ಬರುವುದಿಲ್ಲ. ತೊಂದರೆಯ ಮೂಲವಿರುವುದು ಏರಿಳಿತದಲ್ಲಿ. ಸರಾಸರಿಯು ಅದನ್ನು ಮುಚ್ಚಿಡುತ್ತದೆ.

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ತೊಂದರೆಯೂ ಇದೇ ಬಗೆಯದು. ವ್ಯತ್ಯಾಸವೇನೆಂದರೆ, ಅಲ್ಲಿ ಸರತಿಯಲ್ಲಿ ಕಾಯುವುದು ಮೆಣಸಿನಕಾಯಿಯ ಚೀಲವಲ್ಲ. ತುಂಗಭದ್ರೆಯ ದಂಡೆಯ ಗಳಗನಾಥದಂತಹ ಗ್ರಾಮದಿಂದ ಹಿಂದಿನ ದಿನವೇ ಬಸ್ಸು ಹಿಡಿದು ಹಾವೇರಿಗೋ ಹುಬ್ಬಳ್ಳಿಗೋ ದಾವಣಗೆರೆಗೋ ಬಂದು, ರಾತ್ರಿಯಿಂದ ಅನ್ನ ನೀರು ಬಿಟ್ಟು ಮಲಗಿರುವ ರೋಗಿಗೆ ಸಂಜೆ ನಾಲ್ಕು ಗಂಟೆಗೆ "ಇಂದು ಆಗುವುದಿಲ್ಲ, ನಾಳೆ ನೋಡೋಣ" ಎಂಬ ಉತ್ತರ ದೊರೆತರೆ, ಜೊತೆಗೆ ಬಂದ ಮಗನ ಕೂಲಿ, ಇನ್ನೊಂದು ರಾತ್ರಿಯ ವಸತಿ, ಊರಿನಲ್ಲಿ ಬಿಟ್ಟು ಬಂದ ದನಕರು, ಇವೆಲ್ಲ ಆ ಉತ್ತರದೊಳಗೆ ಸೇರುತ್ತವೆ. ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಈ ವೆಚ್ಚಕ್ಕೆ ಕಾಲಂ ಇರುವುದಿಲ್ಲ.

ಈ ಬಗೆಯ ವೇಳಾಪಟ್ಟಿಯನ್ನು ಗಣಕಯಂತ್ರದ ಮೇಲೆ ಮೊದಲು ನಡೆಸಿ ನೋಡಿ, ಅನಂತರ ಆಸ್ಪತ್ರೆಯಲ್ಲಿ ಜಾರಿಗೆ ತರುವ ವಿಧಾನವೊಂದು ಅರ್ಧ ಶತಮಾನಕ್ಕೂ ಹಿಂದಿನಿಂದ ಬೆಳೆದು ಬಂದಿದೆ. ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಕನ್ನಡದಲ್ಲಿ ಗಣಕ ಅನುಕರಣೆ ಎನ್ನಬಹುದು. ಜಿಲ್ಲಾ ಹಾಗೂ ತಾಲೂಕು ಕೇಂದ್ರಗಳ ಅನೇಕ ಖಾಸಗಿ ಆಸ್ಪತ್ರೆಗಳ ವಿಶ್ವಸ್ಥ ಮಂಡಳಿಗಳಲ್ಲಿ ವರ್ತಕರೂ ಉದ್ದಿಮೆದಾರರೂ ಇರುವುದರಿಂದ, ಹೊಸ ಕೊಠಡಿ ಕಟ್ಟಿಸಬೇಕೇ, ಇರುವುದನ್ನೇ ಸರಿಯಾಗಿ ಬಳಸಬೇಕೇ ಎಂಬ ಪ್ರಶ್ನೆ ಅವರ ಮುಂದೆ ಬಂದೇ ಬರುತ್ತದೆ. ಅದಕ್ಕೆ ಉತ್ತರಿಸುವ ಮುನ್ನ ಈ ವಿಧಾನದ ತಿರುಳನ್ನು ತಿಳಿದಿರುವುದು ಉಪಯುಕ್ತ.

ಡಬ್ಬಿಯಲ್ಲಿ ಹತ್ತು ಚೀಟಿ

ಅನುಕರಣೆಯ ತತ್ತ್ವವನ್ನು ತಿಳಿಯಲು ಗಣಕಯಂತ್ರವೇ ಬೇಕಿಲ್ಲ. ಒಂದು ಡಬ್ಬಿ ಮತ್ತು ಹತ್ತು ಚೀಟಿ ಸಾಕು. ಒಂದು ಕಾಲ್ಪನಿಕ ಆಸ್ಪತ್ರೆಯಲ್ಲಿ ಒಂದೇ ಶಸ್ತ್ರಚಿಕಿತ್ಸಾ ಕೊಠಡಿ ಇದ್ದು, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ, ಅಂದರೆ 480 ನಿಮಿಷ, ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಬಹುದು. ಹಿಂದೆ ನಡೆದ ಹತ್ತು ಶಸ್ತ್ರಚಿಕಿತ್ಸೆಗಳು ತೆಗೆದುಕೊಂಡ ಅವಧಿ ಕ್ರಮವಾಗಿ 40, 45, 50, 55, 60, 70, 80, 90, 110 ಮತ್ತು 150 ನಿಮಿಷ. ಇವುಗಳ ಸರಾಸರಿ 75 ನಿಮಿಷ. ಒಬ್ಬ ರೋಗಿಯನ್ನು ಹೊರಗೆ ಕಳುಹಿಸಿ, ಕೊಠಡಿಯನ್ನು ಶುಚಿ ಮಾಡಿ, ಉಪಕರಣಗಳನ್ನು ಜೋಡಿಸಿ, ಮುಂದಿನ ರೋಗಿಯನ್ನು ಒಳಗೆ ತರಲು 20 ನಿಮಿಷ ಬೇಕು.

ಮೇಲ್ವಿಚಾರಕರು ಸರಾಸರಿಯ ಮೇಲೆ ಲೆಕ್ಕ ಹಾಕುತ್ತಾರೆ. ಐದು ಶಸ್ತ್ರಚಿಕಿತ್ಸೆಗಳಿಗೆ 375 ನಿಮಿಷ, ನಡುವಣ ನಾಲ್ಕು ಬಿಡುವುಗಳಿಗೆ 80 ನಿಮಿಷ, ಒಟ್ಟು 455. ಇನ್ನೂ 25 ನಿಮಿಷ ಉಳಿಯುತ್ತದೆ. ದಿನಕ್ಕೆ ಐದು ಎಂದು ನಿಶ್ಚಯವಾಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ.

ಈಗ ಆ ಹತ್ತು ಅವಧಿಗಳನ್ನು ಹತ್ತು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಒಂದು ಚೀಟಿ ಎತ್ತಿ ಅವಧಿಯನ್ನು ಬರೆದುಕೊಂಡು ಮರಳಿ ಡಬ್ಬಿಗೆ ಹಾಕಬೇಕು. ಹೀಗೆ ಐದು ಬಾರಿ ಎತ್ತಿದರೆ ಒಂದು ದಿನ ಮುಗಿಯಿತು. ಬಿಡುವಿನ 80 ನಿಮಿಷ ಕೂಡಿಸಿದಾಗ ಮೊತ್ತ 480ನ್ನು ಮೀರಿತೇ ಎಂದು ಗುರುತು ಹಾಕಿಕೊಂಡು ಮತ್ತೊಂದು ದಿನವನ್ನು ಆರಂಭಿಸಬೇಕು. ಇಪ್ಪತ್ತು ಮೂವತ್ತು ದಿನಗಳನ್ನು ಕೈಯಿಂದಲೇ ನಡೆಸಬಹುದು. ಗಣಕಯಂತ್ರವಾದರೆ ಹತ್ತು ಸಾವಿರ ದಿನಗಳನ್ನು ಕಣ್ಣೆವೆ ಇಕ್ಕುವುದರೊಳಗೆ ನಡೆಸುತ್ತದೆ. ಹೀಗೆ ನಡೆಸಿದಾಗ ತಿಳಿದು ಬರುವುದೇನೆಂದರೆ, ಸರಾಸರಿಯ ಪ್ರಕಾರ 25 ನಿಮಿಷ ಉಳಿಯಬೇಕಿದ್ದ ಈ ಪಟ್ಟಿ ಸುಮಾರು ಮೂರು ದಿನಗಳಿಗೆ ಒಂದು ದಿನ ಐದು ಗಂಟೆಯನ್ನು ಮೀರುತ್ತದೆ. ತಿಂಗಳಿಗೆ 24 ಕೆಲಸದ ದಿನಗಳೆಂದರೆ ಅವುಗಳಲ್ಲಿ ಎಂಟು ದಿನ ಒಂದೋ ಸಿಬ್ಬಂದಿಗೆ ಹೆಚ್ಚುವರಿ ವೇಳೆಯ ಕೆಲಸ, ಇಲ್ಲವೇ ಕೊನೆಯ ರೋಗಿಗೆ ಮುಂದೂಡಿಕೆ. ಯಾರೂ ಸೋಮಾರಿತನ ಮಾಡಿಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ಕುತೂಹಲದ ಸಂಗತಿ ಮಾತ್ರವಾಗುತ್ತಿತ್ತು. ಇದೇ ಡಬ್ಬಿಗೆ ಬೇರೆ ಬೇರೆ ಪ್ರಶ್ನೆಗಳನ್ನು ಹಾಕಲು ಬರುತ್ತದೆಂಬುದೇ ಅದರ ನಿಜವಾದ ಬೆಲೆ. ಮೊದಲ ಶಸ್ತ್ರಚಿಕಿತ್ಸೆ 9ಕ್ಕೆ ಬದಲಾಗಿ 9.30ಕ್ಕೆ ಆರಂಭವಾದರೆ ಏನಾಗುತ್ತದೆ? ಮೂರರಲ್ಲಿ ಒಂದು ದಿನ ಇದ್ದದ್ದು ಹೆಚ್ಚುಕಡಿಮೆ ಎರಡರಲ್ಲಿ ಒಂದು ದಿನವಾಗುತ್ತದೆ. ವೈದ್ಯರು ಅರ್ಧ ಗಂಟೆ ತಡವಾಗಿ ಬಂದರೆ ದಿನದ ಕೊನೆಯಲ್ಲಿ ಅರ್ಧ ಗಂಟೆಯಷ್ಟೇ ನಷ್ಟವೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಸುಳ್ಳಾಗುತ್ತದೆ. ಇನ್ನೊಂದು ಪ್ರಶ್ನೆ: ನಡುವಣ ಬಿಡುವನ್ನು 20 ನಿಮಿಷದಿಂದ 15ಕ್ಕೆ ಇಳಿಸಿದರೆ? ಐದು ನಿಮಿಷ ಅತ್ಯಲ್ಪವೆಂದು ತೋರುತ್ತದೆ; ಆದರೆ ಮೀರುವ ದಿನಗಳು ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತವೆ. ಇದಕ್ಕೆ ಬೇಕಾಗುವುದು ಒಬ್ಬ ಹೆಚ್ಚಿನ ಸಹಾಯಕ ಮತ್ತು ಮೊದಲೇ ಜೋಡಿಸಿಟ್ಟ ಉಪಕರಣದ ತಟ್ಟೆ ಮಾತ್ರ. ಕೊಠಡಿಯ ಮಧ್ಯದಲ್ಲಿ 60 ನಿಮಿಷದ ಒಂದು ತುರ್ತು ಹೆರಿಗೆ ಶಸ್ತ್ರಚಿಕಿತ್ಸೆ ಬಂದು ಸೇರಿದರೆ? ಅಂತಹ ದಿನಗಳಲ್ಲಿ ನಾಲ್ಕಕ್ಕೆ ಮೂರು ದಿನ ಪಟ್ಟಿ ಮುರಿಯುತ್ತದೆ.

ಚೀಟಿಗಳ ಹಂಚಿಕೆಯನ್ನು ಗಮನಿಸಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಹತ್ತರಲ್ಲಿ ಆರು ಚೀಟಿಗಳು ಸರಾಸರಿಗಿಂತ ಕಡಿಮೆ; ನಾಲ್ಕು ಮಾತ್ರ ಹೆಚ್ಚು, ಅವುಗಳಲ್ಲಿ ಒಂದು ಸರಾಸರಿಯ ಇಮ್ಮಡಿ. ಶಸ್ತ್ರಚಿಕಿತ್ಸೆಯ ಅವಧಿಗಳು ವಾಸ್ತವದಲ್ಲಿಯೂ ಹೀಗೆಯೇ ಒಂದು ಬದಿಗೆ ಬಾಲ ಚಾಚಿಕೊಂಡಿರುತ್ತವೆಂದು ಅಮೆರಿಕದ ಸಂಶೋಧಕರು 2000ನೇ ಇಸವಿಯಲ್ಲಿ ಅಪಾರ ಸಂಖ್ಯೆಯ ದಾಖಲೆಗಳನ್ನು ಪರಿಶೀಲಿಸಿ ತೋರಿಸಿದರು. ಬೇಗ ಮುಗಿಯುವುದಕ್ಕೆ ಒಂದು ಮಿತಿಯಿದೆ, ತಡವಾಗುವುದಕ್ಕೆ ಇಲ್ಲ ಎಂಬುದು ಇದರ ಸರಳಾರ್ಥ.

ಉಪವಾಸದ ಲೆಕ್ಕ

ರಾತ್ರಿ ಹನ್ನೆರಡರ ನಂತರ ಏನನ್ನೂ ಸೇವಿಸಬಾರದು ಎಂಬ ಸೂಚನೆಯನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ಸಮನಾಗಿ ನೀಡುವ ರೂಢಿ ಅನೇಕ ಕಡೆ ಇದೆ. ಮೇಲಿನ ಉದಾಹರಣೆಯಲ್ಲಿ ಐದನೆಯ ರೋಗಿಯ ಸರದಿ ಬರುವುದು ಸರಾಸರಿ ಮಧ್ಯಾಹ್ನ 3.20ಕ್ಕೆ. ಆ ಹೊತ್ತಿಗೆ ಉಪವಾಸ ಹದಿನೈದು ಗಂಟೆ ದಾಟಿರುತ್ತದೆ. ಆದರೆ ಅರಿವಳಿಕೆಗೆ ಮುನ್ನ ಲಘು ಆಹಾರಕ್ಕೆ 6 ಗಂಟೆ, ನೀರಿನಂತಹ ತಿಳಿ ದ್ರವಕ್ಕೆ 2 ಗಂಟೆಯ ಅಂತರ ಸಾಮಾನ್ಯವಾಗಿ ಸಾಕೆಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಲ್ಲಿಯೇ ಮಾರ್ಗಸೂಚಿ ನೀಡಿದೆ. ಅನುಕರಣೆಯಲ್ಲಿ ನೋಡಿದರೆ ಐದನೆಯ ಶಸ್ತ್ರಚಿಕಿತ್ಸೆ ನೂರರಲ್ಲಿ ಸುಮಾರು ತೊಂಬತ್ತು ದಿನ ಮಧ್ಯಾಹ್ನ 2ಕ್ಕೆ ಮೊದಲು ಆರಂಭವಾಗುವುದಿಲ್ಲ. ಅಂದರೆ ಆ ರೋಗಿಗೆ ಮುಂಜಾನೆ ಲಘು ಆಹಾರ ಕೊಡಬಹುದೇ ಎಂಬ ಪ್ರಶ್ನೆಯನ್ನು ಅರಿವಳಿಕೆ ತಜ್ಞರ ಮುಂದೆ ಅಂಕಿಸಂಖ್ಯೆಗಳೊಂದಿಗೆ ಇಡಲು ಸಾಧ್ಯವಾಗುತ್ತದೆ. ನಿರ್ಧಾರ ಅವರದೇ. ಸಕ್ಕರೆ ಕಾಯಿಲೆಯವರು ಮತ್ತು ಮಕ್ಕಳು ಪಟ್ಟಿಯ ಆರಂಭದಲ್ಲಿ, ಸೋಂಕು ತಗುಲಿದ ಗಾಯದ ರೋಗಿಗಳು ಕೊನೆಯಲ್ಲಿ ಎಂಬ ವೈದ್ಯಕೀಯ ನಿಯಮಗಳನ್ನು ಯಾವ ಗಣಕಯಂತ್ರವೂ ಬದಲಿಸಲಾರದು, ಬದಲಿಸಲೂಬಾರದು.

ಉಳಿದವರ ಕ್ರಮದಲ್ಲಿ ಮಾತ್ರ ಆಯ್ಕೆಗೆ ಅವಕಾಶವಿದೆ. ದೊಡ್ಡ ಶಸ್ತ್ರಚಿಕಿತ್ಸೆಯನ್ನು ಮೊದಲು ಮುಗಿಸಿಬಿಡುವ ಪದ್ಧತಿ ಹಲವೆಡೆ ಇದೆ. ಆದರೆ ಅವಧಿಯನ್ನು ನಿಶ್ಚಿತವಾಗಿ ಹೇಳಲಾಗದ ಶಸ್ತ್ರಚಿಕಿತ್ಸೆ ಮೊದಲು ಬಂದು ಎಳೆದುಕೊಂಡರೆ ಹಿಂದಿನ ನಾಲ್ವರೂ ಕಾಯುತ್ತಾರೆ. ಕೊನೆಗೆ ಬಂದರೆ ಕಾಯುವವರು ಯಾರೂ ಇರುವುದಿಲ್ಲ. ಅವಧಿಯ ಏರಿಳಿತ ಕಡಿಮೆ ಇರುವುದನ್ನು ಮೊದಲು ಮುಗಿಸುವುದು ಸಾಮಾನ್ಯವಾಗಿ ಲೇಸೆಂದು ಅನುಕರಣೆಯ ಅಧ್ಯಯನಗಳು ತೋರಿಸಿವೆ.

ರೋಗಶಯ್ಯೆಯಲ್ಲಿ ಹುಟ್ಟಿದ ವಿಧಾನ

ಈ ವಿಧಾನದ ಜನನವೂ ಒಂದು ರೋಗಶಯ್ಯೆಯ ಬಳಿಯೇ ಆಯಿತೆಂಬುದು ಸ್ವಾರಸ್ಯಕರ. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ, ಹೊತ್ತು ಕಳೆಯಲು ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಹಂಚಿದ ಎಲೆಗಳಿಂದ ಆಟ ಗೆಲ್ಲುವ ಸಂಭವ ಎಷ್ಟೆಂದು ಲೆಕ್ಕ ಹಾಕಲು ಹೊರಟು, ಅದು ಬಹಳ ಜಟಿಲವೆಂದು ಕಂಡು, ನೂರು ಬಾರಿ ಆಡಿ ಎಷ್ಟು ಬಾರಿ ಗೆದ್ದೆವೆಂದು ಎಣಿಸುವುದೇ ಸುಲಭವಲ್ಲವೇ ಎಂದು ಯೋಚಿಸಿದರು. ಈ ವಿಚಾರವನ್ನು ಜಾನ್ ವಾನ್ ನಾಯ್ಮನ್ ಅವರಿಗೆ ತಿಳಿಸಿದಾಗ, ಅವರು ಅದನ್ನು ಆಗಿನ ಹೊಸ ಗಣಕಯಂತ್ರಗಳಿಗೆ ಒಗ್ಗಿಸಿದರು. ಜೂಜಿಗೆ ಹೆಸರಾದ ಮಾಂಟೆ ಕಾರ್ಲೋದ ಹೆಸರೇ ವಿಧಾನಕ್ಕೆ ಬಂದಿತು. ಮೊದಲ ಬಳಕೆ ಅಣ್ವಸ್ತ್ರ ಸಂಶೋಧನೆಯಲ್ಲಾದರೂ ಆಸ್ಪತ್ರೆಗೆ ತಲುಪಲು ತಡವಾಗಲಿಲ್ಲ. ಇಂಗ್ಲೆಂಡಿನ ನಾರ್ಮನ್ ಬೈಲಿ 1952ರಲ್ಲಿ ಹೊರರೋಗಿ ವಿಭಾಗದ ಸರತಿಯನ್ನು ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕ ಹಿಡಿದು ಕೈಯಿಂದಲೇ ಅನುಕರಿಸಿದರು. ಎಲ್ಲರನ್ನೂ ಬೆಳಿಗ್ಗೆ ಒಂದೇ ಹೊತ್ತಿಗೆ ಕರೆಯದೆ, ಆರಂಭಕ್ಕೆ ಇಬ್ಬರನ್ನು ಕರೆದು, ಅನಂತರ ಒಬ್ಬೊಬ್ಬರನ್ನು ಸರಾಸರಿ ತಪಾಸಣಾ ಅವಧಿಯ ಅಂತರದಲ್ಲಿ ಕರೆದರೆ ವೈದ್ಯರೂ ಖಾಲಿ ಕೂರುವುದಿಲ್ಲ, ರೋಗಿಗಳೂ ಹೆಚ್ಚು ಕಾಯುವುದಿಲ್ಲ ಎಂಬ ಅವರ ನಿಯಮ ಇಂದಿಗೂ ಪಠ್ಯಗಳಲ್ಲಿದೆ. ಆ ಸಲಹೆ ಏಳು ದಶಕ ಹಳೆಯದು. ಬೆಳಿಗ್ಗೆ ಎಂಟಕ್ಕೇ ಎಲ್ಲರಿಗೂ ಟೋಕನ್ ಕೊಟ್ಟು ಕೂರಿಸುವ ಪದ್ಧತಿ ಅದಕ್ಕಿಂತ ಗಟ್ಟಿ.

ಕರ್ನಾಟಕದಲ್ಲಿ ಗಣಕ ಅನುಕರಣೆ ಜನರ ಕಿವಿಗೆ ಬಿದ್ದದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಜ್ಞರು ಬೆಂಗಳೂರು ಮತ್ತು ಮುಂಬಯಿ ನಗರಗಳ ಕೋಟಿಗೂ ಮಿಕ್ಕ ಜನರನ್ನು ಮನೆ, ಶಾಲೆ, ಕಚೇರಿ ಸಹಿತ ಗಣಕಯಂತ್ರದೊಳಗೆ ರಚಿಸಿ, ಲಾಕ್‌ಡೌನ್ ಸಡಿಲಿಸುವ ಬೇರೆ ಬೇರೆ ಕ್ರಮಗಳ ಪರಿಣಾಮವನ್ನು ಪರೀಕ್ಷಿಸಿದರು. ಒಂದು ಶಸ್ತ್ರಚಿಕಿತ್ಸಾ ಕೊಠಡಿಯ ಮಾದರಿ ಅದರ ಮುಂದೆ ಮಕ್ಕಳಾಟ.

ತುರ್ತು ರೋಗಿಗೆ ಸ್ಥಳ: ಎರಡು ಆಸ್ಪತ್ರೆ, ಎರಡು ಉತ್ತರ

ಶಸ್ತ್ರಚಿಕಿತ್ಸಾ ಕೊಠಡಿಯ ವೇಳಾಪಟ್ಟಿಯಲ್ಲಿ ಅತಿ ಕಠಿಣವಾದ ಪ್ರಶ್ನೆ ತುರ್ತು ರೋಗಿಗಳದು. ಅಪಘಾತ, ಒಡೆದ ಅಪೆಂಡಿಕ್ಸ್, ಕಷ್ಟದ ಹೆರಿಗೆ ಇವು ಸಮಯ ಕೇಳಿ ಬರುವುದಿಲ್ಲ. ಇವರಿಗಾಗಿ ಒಂದು ಕೊಠಡಿಯನ್ನೇ ಖಾಲಿ ಇಡಬೇಕೇ? ಖಾಲಿ ಇಡುವುದೆಂದರೆ ಬಂಡವಾಳ ಕೊಳೆಯಿಸಿದಂತೆ ಎಂದು ವ್ಯಾಪಾರದ ಬುದ್ಧಿ ಹೇಳುತ್ತದೆ.

ಸರತಿಯ ಗಣಿತ ಬೇರೆ ಮಾತು ಹೇಳುತ್ತದೆ. ರೋಗಿಗಳು ಅನಿಶ್ಚಿತ ವೇಳೆಗೆ ಬರುವ, ಚಿಕಿತ್ಸೆಯ ಅವಧಿಯೂ ಅನಿಶ್ಚಿತವಾಗಿರುವ ಒಂದೇ ಕೊಠಡಿಯ ಅತ್ಯಂತ ಸರಳ ಸೂತ್ರದ ಪ್ರಕಾರ, ಚಿಕಿತ್ಸೆಗೆ ಸರಾಸರಿ ಒಂದು ಗಂಟೆ ಬೇಕಿದ್ದು ಕೊಠಡಿಯ ಬಳಕೆ ಶೇಕಡ 80 ಇದ್ದರೆ ಕಾಯುವ ಸರಾಸರಿ ಅವಧಿ 4 ಗಂಟೆ. ಬಳಕೆ ಶೇಕಡ 90 ಆದರೆ 9 ಗಂಟೆ. ಶೇಕಡ 95 ಆದರೆ 19 ಗಂಟೆ. ಕೊನೆಯ ಹತ್ತು ಹದಿನೈದು ಪಾಲನ್ನು ಹಿಂಡಿ ತೆಗೆಯುವ ಪ್ರಯತ್ನ ಎಷ್ಟು ದುಬಾರಿಯೆಂಬುದನ್ನು ಈ ಮೂರು ಅಂಕಿಗಳೇ ಹೇಳುತ್ತವೆ. ಗಿರಣಿಯ ಯಂತ್ರವನ್ನು ದಿನವಿಡೀ ನಿಲ್ಲಿಸದೆ ಓಡಿಸುವುದು ಜಾಣತನ. ಅಲ್ಲಿ ಕಾಯುವುದು ದಾಸ್ತಾನು. ಆಸ್ಪತ್ರೆಯಲ್ಲಿ ಹಾಗಲ್ಲ.

ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ 32 ಶಸ್ತ್ರಚಿಕಿತ್ಸಾ ಕೊಠಡಿಗಳಿದ್ದವು, ಎಲ್ಲವೂ ಭರ್ತಿ. 2000ರ ದಶಕದ ಆರಂಭದಲ್ಲಿ ಅಲ್ಲಿ ಸಲಹೆಗಾರರೊಬ್ಬರ ಮಾತಿನಂತೆ ಒಂದು ಕೊಠಡಿಯನ್ನು ನಿಗದಿಯಾಗದ ರೋಗಿಗಳಿಗೆಂದೇ ಖಾಲಿ ಬಿಟ್ಟರು. ಇರುವುದೇ ಸಾಲದಿರುವಾಗ ಒಂದನ್ನು ಬಿಟ್ಟುಕೊಡುವುದೇ ಎಂದು ವೈದ್ಯರು ಆಕ್ಷೇಪಿಸಿದರೂ ಒಟ್ಟು ಶಸ್ತ್ರಚಿಕಿತ್ಸೆಗಳ ಸಂಖ್ಯೆ ಶೇಕಡ 5ರಷ್ಟು ಏರಿತು. ಮಧ್ಯಾಹ್ನ 3ರ ನಂತರ ನಡೆಯುವವು ಶೇಕಡ 45ರಷ್ಟು ಇಳಿದವು. ತುರ್ತು ರೋಗಿಯೊಬ್ಬ ಬಂದಾಗಲೆಲ್ಲ ಉಳಿದ ಪಟ್ಟಿಗಳು ಚೆಲ್ಲಾಪಿಲ್ಲಿಯಾಗುತ್ತಿದ್ದದ್ದು ನಿಂತುದೇ ಇದಕ್ಕೆ ಕಾರಣ.

ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ಎರಾಸ್ಮಸ್ ವೈದ್ಯಕೀಯ ಕೇಂದ್ರದಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಅಲ್ಲಿ ತುರ್ತು ರೋಗಿಗಳಿಗೆ ಪ್ರತ್ಯೇಕ ಕೊಠಡಿ ಮೊದಲಿನಿಂದಲೂ ಇತ್ತು. ಅದನ್ನು ಮುಚ್ಚಿ, ಅಷ್ಟೇ ಬಿಡುವಿನ ವೇಳೆಯನ್ನು ಎಲ್ಲ ಸಾಮಾನ್ಯ ಕೊಠಡಿಗಳಿಗೂ ಸ್ವಲ್ಪ ಸ್ವಲ್ಪವಾಗಿ ಹಂಚಿದರೆ ಹೇಗೆಂದು ಸಂಶೋಧಕರು ಗಣಕ ಅನುಕರಣೆಯಿಂದ ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಪ್ರತ್ಯೇಕ ಕೊಠಡಿಯಿದ್ದಾಗ ತುರ್ತು ರೋಗಿ ಸರಾಸರಿ 74 ನಿಮಿಷ ಕಾಯಬೇಕು; ಬಿಡುವನ್ನು ಹಂಚಿದಾಗ 8 ನಿಮಿಷ. ಹೆಚ್ಚುವರಿ ವೇಳೆಯ ಕೆಲಸವೂ ಇಳಿಯಿತು, ಕೊಠಡಿಗಳ ಬಳಕೆಯೂ ಶೇಕಡ 74ರಿಂದ 77ಕ್ಕೆ ಏರಿತು. ಪ್ರತ್ಯೇಕ ಕೊಠಡಿಯೊಂದೇ ಇದ್ದರೆ ಅದರಲ್ಲಿ ಒಬ್ಬ ರೋಗಿಯಿರುವಾಗ ಬಂದ ಎರಡನೆಯವನು ಕಾಯಲೇಬೇಕು. ಹತ್ತಾರು ಕೊಠಡಿಗಳಿದ್ದರೆ ಯಾವುದೋ ಒಂದರಲ್ಲಿ ಒಂದು ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿರುತ್ತದೆ. ಆಸ್ಪತ್ರೆಯು ತನ್ನ ತುರ್ತು ಕೊಠಡಿಯನ್ನು ನಿಜವಾಗಿಯೂ ಮುಚ್ಚಿತು.

ಒಂದು ಆಸ್ಪತ್ರೆ ಕೊಠಡಿಯನ್ನು ಮೀಸಲಿಟ್ಟು ಗೆದ್ದಿತು, ಇನ್ನೊಂದು ಮೀಸಲು ಕೊಠಡಿಯನ್ನು ಮುಚ್ಚಿ ಗೆದ್ದಿತು. ಇವೆರಡರಲ್ಲಿ ವಿರೋಧವಿಲ್ಲ. ಮೊದಲನೆಯದರಲ್ಲಿ ಬಿಡುವೇ ಇರಲಿಲ್ಲ. ಎರಡನೆಯದರಲ್ಲಿ ಬಿಡುವಿತ್ತು, ಅದು ಒಂದೇ ಕಡೆ ಕೂಡಿಕೊಂಡಿತ್ತು. ಆದರೆ ಮೊದಲ ಆಸ್ಪತ್ರೆಯ ವರದಿಯನ್ನು ಓದಿ ಎರಡನೆಯದು, ಅಥವಾ ಎರಡನೆಯದರ ವರದಿಯನ್ನು ಓದಿ ರಾಣೇಬೆನ್ನೂರಿನ ಎರಡು ಕೊಠಡಿಗಳ ಆಸ್ಪತ್ರೆಯೊಂದು ಅದನ್ನೇ ಅನುಸರಿಸಿದ್ದರೆ ಕೈ ಸುಟ್ಟುಕೊಳ್ಳುತ್ತಿತ್ತು. ಎರಡೇ ಕೊಠಡಿಗಳಿರುವಲ್ಲಿ "ಯಾವುದೋ ಒಂದು ಈಗ ಮುಗಿಯುತ್ತದೆ" ಎಂಬ ಭರವಸೆ ಇಲ್ಲ. ಉತ್ತರವನ್ನು ಬೇರೆಯವರಿಂದ ಎರವಲು ತರಲಾಗದು. ತನ್ನ ದಾಖಲೆಯ ಅಂಕಿಗಳನ್ನು ಹಾಕಿ ತಾನೇ ನಡೆಸಿ ನೋಡಬೇಕು. ಗಣಕ ಅನುಕರಣೆಗೆ ಇಷ್ಟು ಮಹತ್ತ್ವ ಬಂದಿರುವುದು ಈ ಕಾರಣಕ್ಕಾಗಿಯೇ.

ಸೋಮವಾರದ ಸಂತೆ

ಬಾಸ್ಟನ್ನಿನ ಯೂಜೀನ್ ಲಿಟ್ವಾಕ್ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡ ಒಂದು ಸಂಗತಿ ಮಾರುಕಟ್ಟೆಯವರಿಗೆ ಕೂಡಲೇ ಅರ್ಥವಾಗುವಂಥದ್ದು. ವಾರ್ಡಿನಲ್ಲಿ ಒಮ್ಮೆ ಹಾಸಿಗೆಗಳಿಗೆ ನೂಕುನುಗ್ಗಲು, ಒಮ್ಮೆ ಖಾಲಿ ಆಗುವುದಕ್ಕೆ ತುರ್ತು ರೋಗಿಗಳೇ ಕಾರಣವೆಂದು ಎಲ್ಲರೂ ತಿಳಿದಿದ್ದರು. ಅಂಕಿ ಅಂಶಗಳನ್ನು ಪರಿಶೀಲಿಸಿದಾಗ, ತುರ್ತು ರೋಗಿಗಳ ಸಂಖ್ಯೆ ದಿನದಿಂದ ದಿನಕ್ಕೆ ಅಷ್ಟಾಗಿ ಹೊಯ್ದಾಡುವುದಿಲ್ಲ. ಮೊದಲೇ ನಿಗದಿ ಮಾಡಿದ ಶಸ್ತ್ರಚಿಕಿತ್ಸೆಗಳೇ ಹೆಚ್ಚು ಹೊಯ್ದಾಡುತ್ತವೆ ಎಂದು ತಿಳಿಯಿತು. ಮನುಷ್ಯನ ಕೈಯಲ್ಲಿಲ್ಲದ್ದು ಹೆಚ್ಚು ಸಮನಾಗಿದೆ, ಮನುಷ್ಯನ ಕೈಯಲ್ಲಿರುವುದು ಏರುಪೇರಾಗಿದೆ! ಶಸ್ತ್ರವೈದ್ಯರು ತಮಗೆ ಅನುಕೂಲವಾದ ದಿನಗಳನ್ನು ಆರಿಸಿಕೊಳ್ಳುವುದರಿಂದ ವಾರದ ಆರಂಭದಲ್ಲಿ ಶಸ್ತ್ರಚಿಕಿತ್ಸೆಗಳು ಒತ್ತೊತ್ತಾಗಿ ಬೀಳುತ್ತವೆ, ಎರಡು ಮೂರು ದಿನಗಳ ನಂತರ ವಾರ್ಡುಗಳು ತುಂಬಿ ತುಳುಕುತ್ತವೆ, ಆಗ ಕೊಠಡಿ ಖಾಲಿಯಿದ್ದರೂ ಹಾಸಿಗೆಯಿಲ್ಲದೆ ಶಸ್ತ್ರಚಿಕಿತ್ಸೆ ಮುಂದೆ ಹೋಗುತ್ತದೆ. ಅವರ ಸಲಹೆಯಂತೆ ವಾರದುದ್ದಕ್ಕೂ ಪಟ್ಟಿಯನ್ನು ಸಮನಾಗಿ ಹಂಚಿದ ಆಸ್ಪತ್ರೆಗಳಲ್ಲಿ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆ ಹೆಸರಾಂತ ಉದಾಹರಣೆ.

ಬ್ಯಾಡಗಿಯ ಸೋಮವಾರ, ಗುರುವಾರಗಳಿಗೆ ಅವುಗಳದೇ ಸಮರ್ಥನೆಯಿದೆ: ಮಾರುವವರೂ ಕೊಳ್ಳುವವರೂ ಒಂದೇ ದಿನ ಒಂದೆಡೆ ಸೇರಿದರೆ ದರದಲ್ಲಿ ಪೈಪೋಟಿ ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ಸಂತೆ ಕೂಡಿಸುವುದರಿಂದ ಅಂತಹ ಯಾವ ಲಾಭವೂ ಇಲ್ಲ.

ಈ ಭಾಗದ ಸ್ಥಿತಿಗತಿ

ಭಾರತದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಹರಿವನ್ನು ಸುಧಾರಿಸಿದ ಅತ್ಯುತ್ತಮ ಉದಾಹರಣೆ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ ಸ್ಥಾಪಿಸಿದ ಅರವಿಂದ ಕಣ್ಣಿನ ಆಸ್ಪತ್ರೆ. ಶಸ್ತ್ರವೈದ್ಯರೊಬ್ಬರಿಗೆ ಅಕ್ಕಪಕ್ಕದಲ್ಲಿ ಎರಡು ಮೇಜು. ಒಂದರ ಮೇಲೆ ಪೊರೆಯ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ಸಿದ್ಧಪಡಿಸಲಾಗುತ್ತದೆ. ನಡುವಣ ಬಿಡುವು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ ಈ ಪದ್ಧತಿ ಒಪ್ಪುವುದು ಒಂದೇ ಬಗೆಯ, ಅವಧಿ ಸುಮಾರಾಗಿ ನಿಶ್ಚಿತವಾದ, ಸ್ಥಳೀಯ ಅರಿವಳಿಕೆಯಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆಗೆ. ಬೆಳಿಗ್ಗೆ ಹರ್ನಿಯ, ಮಧ್ಯಾಹ್ನ ಮೂಳೆ, ಸಂಜೆ ಹೆರಿಗೆ ಎಂಬಂತಿರುವ ತಾಲೂಕು ಆಸ್ಪತ್ರೆಗೆ ಅದು ನೇರವಾಗಿ ಒಗ್ಗದು.

ಖಾಲಿ ಉಳಿಯುವ ಕೊಠಡಿಯ ಬೆಲೆಯನ್ನು ಕರ್ನಾಟಕ ಬಹಳ ಹಿಂದೆಯೇ ಗುರುತಿಸಿತ್ತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರು ಮೊದಲ ವರ್ಷ ತಲೆಗೆ 60 ರೂಪಾಯಿ ಕೊಟ್ಟು, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಪಡೆಯಬಹುದಾಗಿತ್ತು. ಅದರ ಪ್ರೇರಕರಾದ ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿಯವರ ವಾದದಲ್ಲಿ, ಆಸ್ಪತ್ರೆಗಳ ಬಳಕೆಯಾಗದ ಸಾಮರ್ಥ್ಯವನ್ನು ಕಡಿಮೆ ದರಕ್ಕೆ ರೈತರಿಗೆ ಒದಗಿಸುವುದು ಒಂದು ಮುಖ್ಯ ಅಂಶ. ಕೊಠಡಿಯ ಒಂದು ಗಂಟೆ ಹೂವಿನ ಅಂಗಡಿಯ ಸರಕಿನಂತೆ. ಇಂದು ಬಳಕೆಯಾಗದಿದ್ದರೆ ನಾಳೆಗೆ ಉಳಿಯದು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿದ್ದ ಯಶಸ್ವಿನಿಯನ್ನು 2022-23ರಲ್ಲಿ ಸರ್ಕಾರ ಮತ್ತೆ ಜೀವಂತಗೊಳಿಸಿತು. ಇಂತಹ ಯೋಜನೆಗಳಲ್ಲಿ ದರ ನಿಗದಿಯಾಗಿರುತ್ತದೆ. ಆಸ್ಪತ್ರೆಗೆ ಉಳಿತಾಯದ ದಾರಿಯಿರುವುದು ಕೊಠಡಿಯ ವೇಳೆಯ ಸದ್ಬಳಕೆಯಲ್ಲಿ.

ಇಲ್ಲಿಯ ಪಟ್ಟಣಗಳ ಮಾದರಿಯನ್ನು ರಚಿಸುವಾಗ ವಿದೇಶದ ಪುಸ್ತಕಗಳಲ್ಲಿ ಕಾಣದ ಒಂದೆರಡು ಅಂಶಗಳನ್ನು ಸೇರಿಸಬೇಕಾಗುತ್ತದೆ. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಪೂರ್ಣಾವಧಿ ಅರಿವಳಿಕೆ ತಜ್ಞರು ಇರುವುದು ಅಪರೂಪ. ಒಬ್ಬರೇ ನಾಲ್ಕಾರು ಕಡೆ ಓಡಾಡುತ್ತಾರೆ. ವಿಶೇಷ ಶಸ್ತ್ರವೈದ್ಯರು ದೊಡ್ಡ ಊರಿನಿಂದ ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಹೀಗಿರುವಾಗ ಸರತಿಗೆ ಕಾರಣ ಕೊಠಡಿಯಲ್ಲ, ಆ ಒಬ್ಬ ತಜ್ಞರ ವೇಳೆ. ಮಾದರಿಯಲ್ಲಿ ಎರಡನೆಯ ಕೊಠಡಿಯನ್ನು ಸೇರಿಸಿ ನೋಡಿದರೆ ಕಾಯುವ ಅವಧಿ ಅಲುಗುವುದೇ ಇಲ್ಲ. ತಜ್ಞರೊಡನೆ ನಿಶ್ಚಿತ ಎರಡು ದಿನಗಳ ಒಪ್ಪಂದ ಮಾಡಿಕೊಂಡಂತೆ ಬದಲಾಯಿಸಿದರೆ ಇಳಿಯುತ್ತದೆ. ಕಟ್ಟಡಕ್ಕೆ ದೇಣಿಗೆ ಕೊಡಲು ಮುಂದೆ ಬರುವವರು ಬಹಳ, ಶಿಲೆಯ ಮೇಲೆ ಹೆಸರು ಕೆತ್ತಿಸಬಹುದಲ್ಲ! ಒಪ್ಪಂದದ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ.

ರಿಜಿಸ್ಟರಿನಿಂದ ಆರಂಭ

ತಂತ್ರಾಂಶದ ವೆಚ್ಚ ಈಗ ಅಡ್ಡಿಯಲ್ಲ. ಅರೆನಾದಂತಹ ವಾಣಿಜ್ಯ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿದ್ದರೂ ಜಾಮ್‌ಸಿಮ್, ಸಿಮ್‌ಪೈ ಮೊದಲಾದವು ಉಚಿತವಾಗಿ ದೊರೆಯುತ್ತವೆ. ಡಬ್ಬಿ ಮತ್ತು ಚೀಟಿಯಷ್ಟು ಸರಳವಾದ ಮಾದರಿಗೆ ಅಂಗಡಿಯ ಲೆಕ್ಕಕ್ಕೆ ಬಳಸುವ ಎಕ್ಸೆಲ್ ಸಾಕು. ಯಾದೃಚ್ಛಿಕ ಸಂಖ್ಯೆ ನೀಡುವ ಸೌಲಭ್ಯ ಅದರಲ್ಲಿಯೇ ಇದೆ. ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳು ಒಂದು ಪ್ರಾಜೆಕ್ಟಾಗಿ ಮಾಡಬಲ್ಲ ಕೆಲಸವಿದು.

ನಿಜವಾದ ಅಡ್ಡಿ ಆಪರೇಷನ್ ಥಿಯೇಟರಿನ ರಿಜಿಸ್ಟರು. ಅದರಲ್ಲಿ ರೋಗಿಯ ಹೆಸರು, ವೈದ್ಯರ ಹೆಸರು, ಶಸ್ತ್ರಚಿಕಿತ್ಸೆಯ ಹೆಸರು ಅಚ್ಚುಕಟ್ಟಾಗಿರುತ್ತವೆ. ವೇಳೆಯ ಕಾಲಂಗಳಲ್ಲಿ ಮಾತ್ರ 10.00, 10.30, 11.30 ಎಂಬ ದುಂಡು ಅಂಕಿಗಳು ಸಾಲಾಗಿ ನಿಂತಿರುವುದು ಸಾಮಾನ್ಯ. ಎಲ್ಲವೂ ಸಂಜೆ ಒಟ್ಟಿಗೆ ಬರೆದದ್ದೆಂದು ನೋಡಿದೊಡನೆ ತಿಳಿಯುತ್ತದೆ. ಅನುಕರಣೆಗೆ ಬೇಕಾದವು ಐದು ವೇಳೆಗಳು: ರೋಗಿ ಕೊಠಡಿಯೊಳಗೆ ಬಂದದ್ದು, ಅರಿವಳಿಕೆ ಆರಂಭವಾದದ್ದು, ಶಸ್ತ್ರಚಿಕಿತ್ಸೆ ಆರಂಭವಾದದ್ದು, ಮುಗಿದದ್ದು, ರೋಗಿ ಹೊರಗೆ ಹೋದದ್ದು. ಮುಂದೂಡಿದ ಶಸ್ತ್ರಚಿಕಿತ್ಸೆಗಳಿಗೆ ಕಾರಣವನ್ನೂ ಬರೆಯಬೇಕು: ಹಾಸಿಗೆಯಿಲ್ಲ, ರಕ್ತ ಸಿಗಲಿಲ್ಲ, ವೈದ್ಯರು ಬರಲಿಲ್ಲ, ರೋಗಿಗೆ ಜ್ವರ. ಗೋಡೆ ಗಡಿಯಾರವೊಂದನ್ನು ನೋಡಿ ಆಗಿಂದಾಗ್ಗೆ ಬರೆಯುವ ಒಬ್ಬ ಸಿಬ್ಬಂದಿ ಮೂರು ತಿಂಗಳು ಈ ಕೆಲಸ ಮಾಡಿದರೆ ಮಾದರಿಗೆ ಬೇಕಾದ ಸಾಮಗ್ರಿ ಸಿದ್ಧ. ಎಷ್ಟೋ ಸಲ ಮಾದರಿಯನ್ನು ರಚಿಸುವ ಮೊದಲೇ, ಈ ಪುಟಗಳನ್ನು ನೋಡಿದ ಮಾತ್ರಕ್ಕೆ, ಮೊದಲ ಶಸ್ತ್ರಚಿಕಿತ್ಸೆ ದಿನವೂ ಎಷ್ಟು ತಡವಾಗುತ್ತಿದೆಯೆಂಬುದು ಮಂಡಳಿಗೆ ತಿಳಿದುಹೋಗುತ್ತದೆ.

ಮಾದರಿ ಸಿದ್ಧವಾದ ಮೇಲೆ ಅದನ್ನು ಕೂಡಲೇ ನಂಬುವಂತಿಲ್ಲ. ಮೊದಲು ಆಸ್ಪತ್ರೆ ಈಗ ಹೇಗೆ ನಡೆಯುತ್ತಿದೆಯೋ ಹಾಗೆಯೇ ಅದನ್ನು ನಡೆಸಿ, ಬಂದ ಫಲಿತಾಂಶವನ್ನು ಕಳೆದ ತಿಂಗಳ ವಾಸ್ತವ ದಾಖಲೆಯೊಡನೆ ಹೋಲಿಸಬೇಕು. ಕಳೆದ ತಿಂಗಳು ಏಳು ದಿನ ಐದು ಗಂಟೆ ಮೀರಿದ್ದು, ಮಾದರಿ ಎರಡೇ ದಿನ ಎಂದರೆ ಯಾವುದೋ ಸಂಗತಿ ಬಿಟ್ಟುಹೋಗಿದೆ: ವಿದ್ಯುತ್ ಕಡಿತವೋ, ಉಪಕರಣಗಳನ್ನು ಕುದಿಸಿ ತರುವ ವಿಳಂಬವೋ, ಮಧ್ಯಾಹ್ನದ ಊಟದ ವೇಳೆಯೋ. ತಂತ್ರಾಂಶ ಮಾರಲು ಬರುವವರು ಬಣ್ಣಬಣ್ಣದ ಚಲಿಸುವ ಚಿತ್ರಗಳನ್ನು ತೋರಿಸುತ್ತಾರೆ. ಈ ಹೋಲಿಕೆಯ ಪಟ್ಟಿಯನ್ನು ಕೇಳಿದಾಗ ತೋರಿಸಬಲ್ಲವರು ಕಡಿಮೆ. ಕೊಳ್ಳುವ ಮುನ್ನ ಮಂಡಳಿಯವರು ಕೇಳಬೇಕಾದದ್ದು ಇದನ್ನೇ. ಹೋಲಿಕೆ ಸರಿಬಂದ ನಂತರವೇ ಆರಂಭದ ವೇಳೆ, ಪಟ್ಟಿಯ ಕ್ರಮ, ತುರ್ತು ರೋಗಿಗಳಿಗೆ ಬಿಡುವ ವೇಳೆ ಇವನ್ನು ಒಂದೊಂದಾಗಿ ಬದಲಿಸಿ ನೋಡಬಹುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.